ಚಪ್ಪಲಿ ಜಾರಿದ್ದು ಗೊತ್ತಾಗಲಿಲ್ಲ

ಹೊಸನಗರ ಕಡೆಯ ಅಡಿಕೆ ತೋಟದ ಮನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆ ಮನೆಯ ಅಮ್ಮನಿಗೆ ಐವತ್ತು ದಾಟಿದೆ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು, ಆಮೇಲೆ ಮೂಳೆಗೂ ಹರಡಿತ್ತು. ಆದರೂ ಮಾತ್ರೆ ನುಂಗಿಕೊಂಡು ಮನೆಕೆಲಸ ಮಾಡಿಕೊಂಡೇ ಇದ್ದರು.

ಅಡಿಕೆಗೊನೆ ಕೊಯ್ಲು ಶುರುವಾದ ಮೇಲೆ ಬೆನ್ನುನೋವು ಬಂತು. ಮೆಟ್ಟುಗತ್ತಿ ಮುಂದೆ ರಾತ್ರಿಯವರೆಗೆ ಕೂತು ಅಡಿಕೆ ಸುಲಿದರೆ ಯಾರಿಗೆ ಬೆನ್ನು ನೋಯಲ್ಲ? ಮನೆಯವರೂ ಹಾಗೇ ಅಂದುಕೊಂಡರು. ಆದರೆ ಈ ನೋವು ಮಲಗಿದರೆ ಜಾಸ್ತಿಯಾಗುತ್ತಿತ್ತು. ಕೆಮ್ಮಿದರೆ ಎದೆ ಸುತ್ತ ಪಟ್ಟಿ ಬಿಗಿದ ಹಾಗೆ. ಒಂದು ಬೆಳಿಗ್ಗೆ ಅಂಗಳದಿಂದ ಒಳಗೆ ಬಂದಾಗ ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಪಾದಕ್ಕೆಲ್ಲ ಒದ್ದೆ ಮಣ್ಣು ಮೆತ್ತಿತ್ತು. ಚಪ್ಪಲಿ ಎಲ್ಲಿ ಕಳಚಿತು ಅಂತ ಅವರಿಗೆ ಗೊತ್ತೇ ಆಗಿರಲಿಲ್ಲ.

ಮಗ ಅವತ್ತೇ ಶಿವಮೊಗ್ಗದ ಆಸ್ಪತ್ರೆಗೆ ಕರೆತಂದ. ಅವನು ಮಾಡಿದ್ದು ದೊಡ್ಡ ಕೆಲಸ. ಎಂಆರ್‌ಐನಲ್ಲಿ ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರುವುದು ಕಂಡಿತು. ಡಾಕ್ಟರು ಕೂಡಲೇ ಊತ ಇಳಿಸುವ ಡೆಕ್ಸಾಮೆಥಾಸೋನ್ ಕೊಟ್ಟರು. ಆಪರೇಷನ್ ಇವರಿಗೆ ಹೊಂದಲ್ಲ, ರೇಡಿಯೋಥೆರಪಿ, ಅಂದರೆ ಜನ 'ಕರೆಂಟ್' ಅನ್ನುವ ಕಿರಣ ಚಿಕಿತ್ಸೆ, ತಡಮಾಡಬೇಡಿ ಎಂದರು.

ಆಸ್ಪತ್ರೆಯಲ್ಲಿ ಅವರ ಗಂಡ ನನ್ನ ಹತ್ತಿರ ಕೇಳಿದ್ದು: "ಕೊಯ್ಲು ಮುಗಿಯೋಕೆ ಹತ್ತು ದಿನ ಇದೆ. ಆಮೇಲೆ ಕರೆಂಟ್ ಕೊಡಿಸಿದ್ರೆ ಆಗಲ್ವಾ?"

ಆಗಲ್ಲ ಎಂದೆ. ಚಿಕಿತ್ಸೆ ಶುರುವಾಗುವಾಗ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ. ಕಾಲು ಪೂರ್ತಿ ಸೋತ ಮೇಲೆ ಮತ್ತೆ ಏಳುವುದು ಕಷ್ಟ. ಇದು ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಕರೆಂಟ್ ಐದೇ ದಿನ ಅಂದಿದ್ದಾರೆ, ಡಾಕ್ಟರು ಕೈಬಿಟ್ಟರಾ ಅಂತಲೂ ಅವರಿಗೆ ಅನುಮಾನ. ಇಲ್ಲ. ಐದು ದಿನದಲ್ಲಿ 20 ಗ್ರೇ (ಗ್ರೇ ಅಂದರೆ ಕಿರಣದ ಅಳತೆ) ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಕೆಲವರಿಗೆ ಒಂದೇ ಸಲ 8 ಗ್ರೇ ಕೊಡುತ್ತಾರೆ. ಇದರಿಂದ ಕ್ಯಾನ್ಸರ್ ವಾಸಿಯಾಗಲ್ಲ. ಬೆನ್ನುಹುರಿ ಮೇಲಿನ ಒತ್ತಡ, ನೋವು ಇಳಿಯಲಿ ಅಂತ ಕೊಡುವುದು. ಅದನ್ನು ಮುಚ್ಚಿಡದೆ ಹೇಳಿದೆ. ಹೆಸರು ಕರೆಂಟ್ ಆದರೂ ಶಾಕ್ ಹೊಡೆಯಲ್ಲ. ಎಕ್ಸ್‌ರೇ ತರಹದ ಕಿರಣ, ಮೈಯಲ್ಲಿ ಉಳಿಯಲ್ಲ. ಮೊಮ್ಮಗು ಧಾರಾಳವಾಗಿ ತೊಡೆ ಮೇಲೆ ಕೂರಬಹುದು.

ಮನೆಗೆ ಹೇಳಿ ಕಳಿಸಿದ್ದು ಇಷ್ಟು: ಕಿರಣ ಬಿಡುವ ಜಾಗಕ್ಕೆ ಮೈಮೇಲೆ ಹಾಕಿದ ಗುರುತನ್ನು ಹಂಡೆ ನೀರಲ್ಲಿ ಉಜ್ಜಬೇಡಿ. ಮೊದಲ ಒಂದೆರಡು ದಿನ ನೋವು ಜಾಸ್ತಿ ಆಗಬಹುದು, ಹೆದರಬೇಡಿ. ಡೆಕ್ಸಾ ಮಾತ್ರೆ ಊಟದ ಮೇಲೆ; ನೀವಾಗಿ ನಿಲ್ಲಿಸಬೇಡಿ. ಶುಗರ್ ನೋಡಿಸಿ. ಎಣ್ಣೆ ಹಚ್ಚಿ ಬೆನ್ನು ನೀವಿಸಲೇಬೇಡಿ. ಮೂತ್ರ ಕಟ್ಟಿದರೆ ಅಥವಾ ಕಾಲು ಇನ್ನೂ ಸೋತರೆ ನಡುರಾತ್ರಿಯಾದರೂ ಹೊರಡಿ.

ಮಗ ಬಾಗಿಲ ಹತ್ತಿರ ಪಿಸುಗುಟ್ಟಿದ: "ಅಮ್ಮನಿಗೆ ಹೇಳ್ಬೇಡಿ." ಅವನ ಸಂಕಟ ಅರ್ಥವಾಯಿತು. ಅವರಿಗೆ ಎಷ್ಟು ಗೊತ್ತಿದೆ ಅಂತ ಮೊದಲು ಕೇಳೋಣ ಎಂದೆ, ಅಮ್ಮನನ್ನೇ ಕೇಳಿದೆ.

"ಬೆನ್ನಿಗೆ ಇಳಿದಿದೆ ಅಲ್ವಾ? ಚಪ್ಪಲಿ ಹೋದ ದಿನವೇ ಗೊತ್ತಾಯ್ತು" ಎಂದರು. ಮಗ ಅವರ ಪಕ್ಕ ಹೋಗಿ ಕೂತ. ಆಮೇಲೆ ಅವರು ಕೇಳಿದ್ದು ಒಂದೇ, ನಡೀತೀನಾ ಅಂತ. ಮಾತು ಕೊಡಲಾರೆ, ಆದರೆ ಈಗ ನಡೆಯುತ್ತಿದ್ದೀರಿ, ಅದನ್ನು ಉಳಿಸಿಕೊಳ್ಳೋಕೇ ಇಷ್ಟು ಅವಸರ ಎಂದೆ. "ಹಾಗಾದ್ರೆ ಈಗಲೇ ಆಗಲಿ" ಎಂದರು.

ಮೂರು ವಾರ ಬಿಟ್ಟು ವಾಕರ್ ಹಿಡಿದು ಬಂದರು. ರಾತ್ರಿ ಮಲಗೋಕೆ ಆಗ್ತಿದೆಯಂತೆ. ಬಲಪಾದದ ಜೋಮು ಹೋಗಿಲ್ಲ. ಹಿಂದೆ ಪಟ್ಟಿ ಇರುವ ಚಪ್ಪಲಿ ಮಗ ತಂದುಕೊಟ್ಟಿದ್ದಾನೆ.