ದಾರಿ ಬಾಯಿಪಾಠ, ದಿಕ್ಕು ಮಾತ್ರ ಇಲ್ಲ

ಅವರನ್ನು ಇಲ್ಲಿ ಟೀಚರ್ ಅಂತಲೇ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 70 ದಾಟಿದೆ, ಪ್ರೈಮರಿ ಶಾಲೆಯಿಂದ ನಿವೃತ್ತರು, ಮನೆ ಮಂಗಳೂರಿನ ಬಿಜೈ ಕಡೆ. ನನ್ನಲ್ಲಿಗೆ ಸಲಹೆಗೆ ಬಂದಾಗ ಜೊತೆಗಿದ್ದ ಮಗ ಕೂತ ಕೂಡಲೇ ಹೇಳಿದರು: “ಅಮ್ಮನನ್ನು ಇನ್ನು ಒಬ್ಬರೇ ಹೊರಗೆ ಕಳಿಸುವುದಿಲ್ಲ. ನೀವಾದರೂ ಸ್ವಲ್ಪ ಹೇಳಿ.”

ಆದದ್ದು ಇಷ್ಟು. ಕುದ್ರೋಳಿ ದಸರಾ ಮೆರವಣಿಗೆಯ ಸಂಜೆ. ಟೀಚರ್ ಮನೆಗೆ ಹೋಗಲು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಹತ್ತಿದ್ದರು. ದಿನಾ ಹೋಗುವ ದಾರಿ ಬಂದ್. ಬಸ್ಸು ಜ್ಯೋತಿ ಸರ್ಕಲ್ ಮೇಲೆ ಸುತ್ತಿ ಬಂಟ್ಸ್ ಹಾಸ್ಟೆಲ್ ಹತ್ತಿರ ಎಲ್ಲರನ್ನೂ ಇಳಿಸಿತು. ಅಲ್ಲಿಂದ ಅವರ ಮಾಮೂಲಿ ದಾರಿಯ ಪಿವಿಎಸ್ ಸರ್ಕಲ್ ಏನು ದೂರವಲ್ಲ. ಆದರೆ ಇವರು ನಡೆದದ್ದು ಬೇರೆ ದಿಕ್ಕಿನ ಮಲ್ಲಿಕಟ್ಟೆ ಕಡೆಗೆ. ಒಂದೂವರೆ ಗಂಟೆ ಸುತ್ತಿದ ಮೇಲೆ ಹಳೇ ವಿದ್ಯಾರ್ಥಿಯೊಬ್ಬರ ರಿಕ್ಷಾ ಸಿಕ್ಕಿತು.

“ಲೈಟಿನಲ್ಲಿ ಊರೇ ಬೇರೆ ಕಂಡಿತು ಮಾರಾಯ್ರೇ” ಅಂದರು ಟೀಚರ್. ನಗುತ್ತಿದ್ದರು, ಕೈ ಮಾತ್ರ ಸೆರಗನ್ನು ಬಿಗಿಯಾಗಿ ಹಿಡಿದಿತ್ತು.

ಸ್ಟೇಟ್ ಬ್ಯಾಂಕಿನಿಂದ ಮನೆಗೆ ದಾರಿ ಹೇಳಿ ಅಂದೆ. ಹಂಪನಕಟ್ಟೆ, ಪಿವಿಎಸ್, ಲಾಲ್‌ಬಾಗ್, ಬಿಜೈ. ಮಗ್ಗಿ ಹೇಳಿದ ಹಾಗೆ ಹೇಳಿದರು. “ಸರಿ, ಈಗ ಪಿವಿಎಸ್‌ನಲ್ಲಿ ಲಾಲ್‌ಬಾಗ್ ಕಡೆ ಮುಖ ಮಾಡಿ ನಿಂತಿದ್ದೀರಿ ಅಂದುಕೊಳ್ಳಿ. ಕದ್ರಿ ದೇವಸ್ಥಾನ ಯಾವ ಕಡೆ? ಕೈ ತೋರಿಸಿ.” ಕೈ ಎತ್ತಿದರು, ಇಳಿಸಿದರು, ಎಡಕ್ಕೆ ತೋರಿಸಿದರು. ಅದು ಬಲಕ್ಕೆ. ಮಗ ಬಾಯಿ ತೆರೆದರು, ಸುಮ್ನಿರಿ ಅಂತ ಸನ್ನೆ ಮಾಡಿದೆ.

ನನಗೆ ಬೇಕಿದ್ದ ಸುಳಿವು ಅದೇ. ರೂಢಿಯ ದಾರಿ ಒಂದು, ತಲೆಯೊಳಗಿನ ನಕ್ಷೆ ಇನ್ನೊಂದು. ದಾರಿ ಕಟ್ಟಾದಾಗ ಬೇಕಾಗುವುದು ನಕ್ಷೆ. ಅದನ್ನು ನೋಡಿಕೊಳ್ಳುವುದು ಮೆದುಳಿನ ಹಿಪ್ಪೋಕ್ಯಾಂಪಸ್ ಮತ್ತು ಅದರ ಪಕ್ಕದ ಭಾಗ. ಅಲ್ಲಿ ಜಾಗ ಗುರುತಿಸುವ ಕೋಶಗಳನ್ನು ಕಂಡುಹಿಡಿದದ್ದಕ್ಕೇ 2014ರ ವೈದ್ಯಕೀಯ ನೊಬೆಲ್ ಬಂದದ್ದು. ಅಲ್‌ಝೈಮರ್ ಕಾಯಿಲೆ ಮೊದಲು ಮುಟ್ಟುವ ಜಾಗಗಳಲ್ಲೂ ಇದು ಒಂದು. ಹಾಗಾಗಿ ದಾರಿ ತಪ್ಪಿದ್ದನ್ನು “ವಯಸ್ಸಾಯ್ತಲ್ಲ” ಅಂತ ತಳ್ಳಿಬಿಡುವುದು ಸರಿಯಲ್ಲ.

ನರರೋಗ ತಜ್ಞರಲ್ಲಿಗೆ ಕಳಿಸಿದೆ. ಬಿ12, ಥೈರಾಯ್ಡ್, ಕಣ್ಣು, ಕಿವಿ, ತಿನ್ನುವ ಮಾತ್ರೆಗಳು, ಎಲ್ಲ ನೋಡಿದರು. ಕೊನೆಗೆ ಹೇಳಿದ್ದು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಅಂದರೆ ನೆನಪು, ಯೋಚನೆ ವಯಸ್ಸಿಗಿಂತ ಸ್ವಲ್ಪ ಹೆಚ್ಚೇ ಕುಗ್ಗಿದರೂ ದಿನದ ಕೆಲಸ ನಡೆಯುವ ಸ್ಥಿತಿ. ಮಗ ಅದನ್ನು ಡಿಮೆನ್ಶಿಯಾ ಅಂತಲೇ ಕೇಳಿಸಿಕೊಂಡರು. ಅಲ್ಲ. ನೆನಪಿನ ಕ್ಲಿನಿಕ್‌ಗೆ ಬರುವ ಇಂಥವರಲ್ಲಿ ವರ್ಷಕ್ಕೆ ನೂರಕ್ಕೆ 10ರಿಂದ 15 ಮಂದಿ ಆ ಹಂತಕ್ಕೆ ಹೋಗುತ್ತಾರೆ. ಕೆಲವರು ಇದ್ದ ಹಾಗೇ ಇರುತ್ತಾರೆ, ಕೆಲವರು ಸುಧಾರಿಸುವುದೂ ಉಂಟು.

ನನ್ನದೂ ಒಂದು ತಪ್ಪಾಯಿತು. ಮೊದಲ ಸಲ ಫೋನಿನ ಮ್ಯಾಪ್ ಕಲಿಸಿ ಅಂದಿದ್ದೆ. ನಡೆದ ಹಾಗೆ ತಿರುಗುವ ಮ್ಯಾಪ್ ನೋಡಿ ಅವರಿಗೆ ಗಲಿಬಿಲಿಯೇ ಜಾಸ್ತಿ ಆಯಿತು. ನಕ್ಷೆ ಕೈಕೊಟ್ಟವರಿಗೆ ಇನ್ನೊಂದು ನಕ್ಷೆ ಕೊಟ್ಟೆನಲ್ಲ!

ಆಮೇಲೆ ಹೇಳಿದ್ದು ಬೇರೆ. ಮೂರೇ ದಾರಿ ಇಟ್ಟುಕೊಳ್ಳಿ: ಮಾರ್ಕೆಟ್, ಕದ್ರಿ ದೇವಸ್ಥಾನ, ತಂಗಿಯ ಮನೆ. ತಿರುವಿನಲ್ಲಿ ಬದಲಾಗದ ಗುರುತು ಹಿಡಿಯಿರಿ. ಚರ್ಚು, ಮರ, ಏರು ಸರಿ. ಫ್ಲೆಕ್ಸು, ಅಂಗಡಿ ಬೋರ್ಡು ಬೇಡ, ಅವು ವಾರಕ್ಕೊಮ್ಮೆ ಬದಲಾಗುತ್ತವೆ. ಗುರುತು ಕಂಡಾಗ ಬಾಯಿಬಿಟ್ಟು ಹೇಳಿ. ಬಸ್ಸು ಬೇರೆ ಕಡೆ ತಿರುಗಿದರೆ ಇಳಿದಲ್ಲೇ ನಿಂತು ಫೋನ್ ಮಾಡಿ, ನಡೆಯಬೇಡಿ. ಪರ್ಸಿನಲ್ಲಿ ವಿಳಾಸದ ಚೀಟಿ ಇರಲಿ. ಫೋನಿನಲ್ಲಿ ಲೊಕೇಶನ್ ಶೇರ್ ಮಾಡುವುದು ಟೀಚರ್ ಒಪ್ಪಿದ ಮೇಲೆ ಮಾತ್ರ.

ಮಗನಿಗೆ ಬೇರೆಯೇ ಹೇಳಿದೆ: ಮನೆಯಲ್ಲಿ ಕೂರಿಸಿದರೆ ನಡಿಗೆ ಹೋಗುತ್ತದೆ, ಜನರ ಒಡನಾಟ ಹೋಗುತ್ತದೆ. ಮಿದುಳಿಗೆ ಎರಡೂ ಬೇಕು. ಎರಡು ವಾರ ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಅವರು ತಿರುವು ತಪ್ಪುವವರೆಗೆ ಮಾತಾಡಬೇಡಿ. ಸುಮ್ಮನಿರುವುದು ಮಗನಿಗೆ ತುಂಬಾ ಕಷ್ಟವಾಯಿತಂತೆ.

ಆರು ತಿಂಗಳಾಯಿತು. ಹಗಲು ಮೂರು ದಾರಿಯೂ ಸರಿಯಾಗಿ ನಡೆಯುತ್ತಿವೆ. ಕತ್ತಲಾದ ಮೇಲೆ ಹೊರಗೆ ಹೋಗುವ ವಿಷಯದಲ್ಲಿ ಅಮ್ಮ ಮಗನ ಜಗಳ ಇನ್ನೂ ಮುಗಿದಿಲ್ಲ. ಮುಂದಿನ ತಿಂಗಳು ಮರುಪರೀಕ್ಷೆ ಇದೆ. ಟೀಚರ್ ಈಗ ನನ್ನ ರೂಮಿಗೆ ಬಂದ ಕೂಡಲೇ ಕದ್ರಿ ಯಾವ ಕಡೆ ಅಂತ ತಾವೇ ಕೈ ತೋರಿಸುತ್ತಾರೆ. ಕಳೆದ ಸಲವೂ ತಪ್ಪಿತ್ತು.