ಕ್ಯಾನ್ಸರ್ ನಂತರದ ಕೈಬಾವಿಗೆ ಆಪರೇಷನ್: ಯಾರಿಗೆ, ಯಾವಾಗ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ಮೂರು ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ರೇಡಿಯೇಶನ್ ಆಯಿತು. ಒಂದೂವರೆ ವರ್ಷದಿಂದ ಕೈ ಬೀಗುತ್ತಿದೆ. ಬೆಳಿಗ್ಗೆ ಕಡಿಮೆ, ಸಂಜೆಗೆ ಬಳೆ ಬಿಗಿಯುತ್ತದೆ. ಮೈಕ್ರೋಸ್ಕೋಪ್ ಇಟ್ಟು ನಾಳ ಜೋಡಿಸುವ ಆಪರೇಷನ್ ಇದೆಯಂತೆ. ಮಾಡಿಸಿದರೆ ಪೂರ್ತಿ ಗುಣವಾಗುವುದೇ? ಕೈಗೆ ಹಾಕುವ ಬಿಗಿ ತೋಳುಚೀಲ (ಸ್ಲೀವ್) ಬಿಡಬಹುದೇ?
– ಓದುಗಿ, ಪೆರ್ಲ

ಉತ್ತರ: ಪೂರ್ತಿ ಗುಣವಾಗುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಬಾವು ಇಳಿಯಬಹುದು, ಕೈಯ ಭಾರ ತಗ್ಗಬಹುದು, ಪದೇ ಪದೇ ಬರುವ ಸೋಂಕು ಕಡಿಮೆಯಾಗಬಹುದು. ಸ್ಲೀವನ್ನು ಬಿಡುವಷ್ಟು ಸುಧಾರಿಸುವವರೂ ಇದ್ದಾರೆ, ಆದರೆ ಅದನ್ನು ಲೆಕ್ಕಕ್ಕೆ ಹಿಡಿದು ಹೊರಡಬೇಡಿ.

ಯಾವ ಆಪರೇಷನ್ ಎಂಬುದು ಕೈಯೊಳಗೆ ತುಂಬಿರುವುದು ಏನೆಂಬುದರ ಮೇಲೆ ನಿಂತಿದೆ. ಮುಂಗೈಯನ್ನು ಹೆಬ್ಬೆರಳಿನಿಂದ ಹತ್ತು ಸೆಕೆಂಡಿಗೂ ಹೆಚ್ಚು ಒತ್ತಿ ನೋಡಿ. ಗುಳಿ ಬಿದ್ದರೆ ಒಳಗಿರುವುದು ಹೆಚ್ಚಾಗಿ ದುಗ್ಧರಸ (ಲಿಂಫ್, ಅಂದರೆ ಗ್ರಂಥಿಗಳ ಮೂಲಕ ಹರಿದು ರಕ್ತಕ್ಕೆ ಮರಳಬೇಕಾದ ದ್ರವ). ಗುಳಿ ಬೀಳದೆ ಗಟ್ಟಿಯಾಗಿದ್ದರೆ ಕೊಬ್ಬು ಮತ್ತು ನಾರು ಬೆಳೆದಿದೆ ಎಂದರ್ಥ. ಬಾವು ವರ್ಷಗಟ್ಟಲೆ ನಿಂತರೆ ರಸವಿದ್ದ ಜಾಗದಲ್ಲಿ ಕೊಬ್ಬು ಸೇರುತ್ತದೆ. ಅದು ಪಟ್ಟಿ ಕಟ್ಟಿದರೂ ಹೋಗದು, ನಾಳ ಜೋಡಿಸಿದರೂ ಹೋಗದು. ನಿಮ್ಮ ಅಮ್ಮನ ಕೈ ಬೆಳಿಗ್ಗೆ ಇಳಿಯುತ್ತದೆಂದರೆ ಇನ್ನೂ ರಸವೇ ಹೆಚ್ಚಿರಬೇಕು. ನೀವು ಕೇಳಿದ ಆಪರೇಷನ್ನಿಗೆ ಇದೇ ತಕ್ಕ ಹಂತ.

ಮೊದಲು ಬೆರಳ ಸಂದುಗಳಲ್ಲಿ ಇಂಡೋಸಯನಿನ್ ಗ್ರೀನ್ ಎಂಬ ಹಸಿರು ದ್ರವವನ್ನು ಸ್ವಲ್ಪವೇ ಚುಚ್ಚಿ ಇನ್ಫ್ರಾರೆಡ್ ಕ್ಯಾಮರಾದಲ್ಲಿ ನೋಡುತ್ತಾರೆ (ಅಯೋಡಿನ್ ಅಲರ್ಜಿಯಿದ್ದರೆ ಮುಂಚೆಯೇ ಹೇಳಿ). ದುಗ್ಧರಸ ಹರಿಯುವ ನಾಳ ಜೀವಂತವಾಗಿದ್ದರೆ ಗೆರೆಯಂತೆ ಹೊಳೆಯುತ್ತದೆ; ಕೆಟ್ಟಿದ್ದರೆ ಬಣ್ಣ ಚರ್ಮದಡಿ ಮೋಡದ ಹಾಗೆ ಹರಡುತ್ತದೆ. ಗೆರೆ ಸಿಕ್ಕ ಕಡೆ ಎರಡು-ಮೂರು ಸೆಂಟಿಮೀಟರ್ ಕೊಯ್ದು, 0.8 ಮಿ.ಮೀ.ಗಿಂತ ಸಣ್ಣ ದುಗ್ಧನಾಳವನ್ನು ಪಕ್ಕದ ಪುಟ್ಟ ಸಿರೆಗೆ ಕೂದಲಿಗಿಂತ ತೆಳುವಾದ (11-0 ಅಥವಾ 12-0) ನೂಲಿನಿಂದ ಹೊಲಿಯುತ್ತಾರೆ. ಸಾಮಾನ್ಯವಾಗಿ ಇಂಥ ಹಲವು ಜೋಡಣೆ ಬೇಕು. ಕೆಡುವುದು ಎಲ್ಲಿ? ಸಿರೆಯ ಒತ್ತಡ ನಾಳದ ಒತ್ತಡಕ್ಕಿಂತ ಹೆಚ್ಚಿದ್ದರೆ ರಕ್ತ ಹಿಂದಕ್ಕೆ ನುಗ್ಗಿ ಹೆಪ್ಪುಗಟ್ಟಿ ಜೋಡಣೆ ಮುಚ್ಚುತ್ತದೆ. ಆದ್ದರಿಂದ ಕವಾಟ ಸರಿಯಿರುವ ಸಿರೆಯನ್ನೇ ಹುಡುಕಬೇಕು. ಸರ್ಜನ್ನರ ಅನುಭವ ಲೆಕ್ಕಕ್ಕೆ ಬರುವುದು ಇಲ್ಲೇ. ಅವರು ಇಂಥವು ಎಷ್ಟು ಮಾಡಿದ್ದಾರೆಂದು ಕೇಳಲು ಸಂಕೋಚ ಬೇಡ.

ನಾಳಗಳೇ ಉಳಿದಿಲ್ಲದಿದ್ದರೆ ತೊಡೆಸಂದು, ಕತ್ತು ಅಥವಾ ಹೊಟ್ಟೆಯೊಳಗಿನ ಕೊಬ್ಬಿನ ಪದರದಿಂದ ದುಗ್ಧಗ್ರಂಥಿಗಳನ್ನು ಅವುಗಳ ರಕ್ತನಾಳದೊಂದಿಗೆ ತಂದು ಕಂಕುಳಲ್ಲೋ ಮಣಿಗಂಟಿನ ಬಳಿಯೋ ಕೂರಿಸುತ್ತಾರೆ. ಫಲ ಕಾಣಲು ಹಲವು ತಿಂಗಳು, ಕೆಲವೊಮ್ಮೆ ವರ್ಷದ ಮೇಲೆ ಬೇಕು. ಗುಳಿ ಬೀಳದ ಗಟ್ಟಿ ಕೈಗೆ ಲೈಪೋಸಕ್ಷನ್, ಅಂದರೆ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು. ಅದರಲ್ಲಿ ಗಾತ್ರ ಚೆನ್ನಾಗಿ ಇಳಿಯುತ್ತದೆ, ಆದರೆ ಸ್ಲೀವ್ ಹಗಲು ರಾತ್ರಿ, ಜೀವನಪೂರ್ತಿ. ಬಿಟ್ಟರೆ ಬಾವು ಮರಳುತ್ತದೆ.

ಆಪರೇಷನ್ನಿಗೆ ಹೊರಡುವ ಮುಂಚೆ ಇಷ್ಟು ಆಗಿರಲಿ. ಕ್ಯಾನ್ಸರ್ ಮರುಕಳಿಸಿಲ್ಲವೆಂದು ಖಚಿತವಾಗಬೇಕು. ಬಾವು ಹಠಾತ್ತನೆ ಏರಿದರೆ, ನೋವು ಅಥವಾ ಜೋಮು ಜೊತೆಗಿದ್ದರೆ ಇದೇ ಮೊದಲ ಅನುಮಾನ. ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿ ದೊಡ್ಡ ಸಿರೆಯಲ್ಲಿ ಹೆಪ್ಪಿಲ್ಲವೆಂದು ನೋಡಬೇಕು. ಕೆಲವು ವಾರ ಪದರಪಟ್ಟಿ ಕಟ್ಟಿ ಕೈಯನ್ನು ಆದಷ್ಟು ಇಳಿಸಿಕೊಳ್ಳಬೇಕು. ಮಣಿಗಂಟಿನಿಂದ ಮೇಲಕ್ಕೆ ಪ್ರತಿ 4 ಸೆಂಟಿಮೀಟರಿಗೆ ಎರಡೂ ಕೈಗಳ ಸುತ್ತಳತೆ ಬರೆದಿಡಿ, ಆಮೇಲೆ ಹೋಲಿಸಲು ಬೇಕಾಗುತ್ತದೆ. ಟ್ಯಾಮಾಕ್ಸಿಫೆನ್ (ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಮಾತ್ರೆ) ನುಂಗುತ್ತಿದ್ದರೆ ಸರ್ಜನ್ನರಿಗೆ ತಿಳಿಸಿ. ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಕೆಲವು ವಾರ ನಿಲ್ಲಿಸಲು ಹೇಳಬಹುದು. ಅದು ಕ್ಯಾನ್ಸರ್ ಡಾಕ್ಟರ ಒಪ್ಪಿಗೆಯಿಂದ ಮಾತ್ರ. ನೀರಿಳಿಸುವ ಮಾತ್ರೆ ಇದಕ್ಕೆ ಬೇಡ: ನೀರು ಹೋಗಿ ಪ್ರೋಟೀನ್ ಅಲ್ಲೇ ಉಳಿಯುತ್ತದೆ.

ಪ್ರಶ್ನೆ: ತೊಡೆಸಂದಿನ ಗ್ರಂಥಿ ತೆಗೆದರೆ ಕಾಲು ಬೀಗದೇ?
– ಓದುಗರು, ಮುಳ್ಳೇರಿಯ

ಉತ್ತರ: ಬೀಗಬಹುದು, ಭಯ ಸರಿಯಾದದ್ದೇ. ಕಾಲಿನ ರಸ ಹರಿಯುವ ಮುಖ್ಯ ಗ್ರಂಥಿಗಳನ್ನು ಬಣ್ಣ ಅಥವಾ ಐಸೊಟೋಪ್ (ಅಲ್ಪ ವಿಕಿರಣ ಸೂಸುವ ವಸ್ತು) ಹಾಕಿ ಗುರುತಿಸಿ, ಅವನ್ನು ಬಿಟ್ಟು ಉಳಿದವನ್ನು ತೆಗೆಯುತ್ತಾರೆ. ಈ ಪರೀಕ್ಷೆ ಮಾಡುತ್ತೀರಾ ಎಂದು ಮೊದಲೇ ಕೇಳಿ.

ಪ್ರಶ್ನೆ: ಇದೂ ಆನೆಕಾಲಿನ ಹಾಗೆ ಸೊಳ್ಳೆಯಿಂದ ಬಂದದ್ದೇ? ಡಿಇಸಿ ಮಾತ್ರೆ ನುಂಗಬೇಕೇ? ಅಡಿಕೆ ಸುಲಿಯಬಹುದೇ?
– ಓದುಗಿ, ಬದಿಯಡ್ಕ

ಉತ್ತರ: ಅಲ್ಲ. ಡಿಇಸಿ ಫೈಲೇರಿಯಾ ಹುಳಕ್ಕೆ. ಗ್ರಂಥಿ ತೆಗೆದದ್ದರಿಂದ ಬಂದ ಬಾವಿಗೆ ಅದು ಏನೂ ಮಾಡದು. ಚರ್ಮದ ಆರೈಕೆ ಮಾತ್ರ ಎರಡಕ್ಕೂ ಒಂದೇ. ದಿನಾ ಸೋಪಿನಿಂದ ತೊಳೆದು, ಬೆರಳ ಸಂದು ಒರಸಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಒದ್ದೆ ಪಟ್ಟಿ ಕೈಮೇಲೆ ಉಳಿಯಕೂಡದು, ಬದಲಿಗೆ ಇನ್ನೊಂದು ಜೊತೆ ಇಟ್ಟುಕೊಳ್ಳಿ. ಆಪರೇಷನ್ ಆದವರು ಸರ್ಜನ್ ಒಪ್ಪುವವರೆಗೆ ಭಾರ ಎತ್ತಬಾರದು. ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿಯುವಾಗ ಬಾವಿರುವ ಕೈಗೆ ಗಟ್ಟಿ ಗ್ಲೌಸ್ ಬೇಕೇ ಬೇಕು. ಗಾಯವಾಗಿ ಕೈ ಕೆಂಪೇರಿ ಚಳಿಜ್ವರ ಬಂದರೆ ಪಟ್ಟಿ ಬಿಚ್ಚಿ ಅದೇ ದಿನ ಆಸ್ಪತ್ರೆಗೆ ಹೋಗಿ ಆ್ಯಂಟಿಬಯೋಟಿಕ್ ಶುರುಮಾಡಿ. ತಡವಾದಷ್ಟೂ ಉಳಿದ ನಾಳಗಳು ಕೆಡುತ್ತವೆ.