ಬೆಲೆ ಇಳಿಸುವ ಮುಂಚೆ ಇದನ್ನು ನೋಡಿ

ರಾಗಿ ಅಂಬಲಿಯ ಬಾಟಲಿಗೆ ಎರಡು ವರ್ಷದಲ್ಲಿ 6 ಲಕ್ಷ ಹೋಗಿದೆ, ಬೆಲೆ ಇಳಿಸಿ ಇನ್ನೊಂದು ವರ್ಷ ನೋಡಲಾ ಅಂತ ಕೇಳಿದ್ದೀರಿ. ಆ 6 ಲಕ್ಷ ಹೋದ ದುಡ್ಡು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನ ಮಾಡಬೇಡಿ. (ಹೇಳುವುದು ಸುಲಭ, ಗೊತ್ತು.)

ಬೆಲೆ ಇಳಿಸುವುದರ ಬಗ್ಗೆ ನನಗೆ ಜಾಸ್ತಿ ಅನುಮಾನ. ಅಮೆಜಾನ್ 2014ರ ಜುಲೈನಲ್ಲಿ ಫೈರ್ ಫೋನ್ ತಂದಿತು. ಮೊಬೈಲ್ ಸೇವಾ ಕಂಪನಿಯ ಜೊತೆ ಎರಡು ವರ್ಷದ ಒಪ್ಪಂದದ ಮೇಲೆ 199 ಡಾಲರ್. ಸೆಪ್ಟೆಂಬರ್‌ನಲ್ಲೇ ಅದನ್ನು 99 ಸೆಂಟ್‌ಗೆ ಇಳಿಸಿದರು, ಅಂದರೆ ಒಂದು ಡಾಲರ್ ಕೂಡ ಇಲ್ಲ! ಆದರೂ ಓಡಲಿಲ್ಲ. ಗೂಗಲ್ ಆ್ಯಪ್‌ಗಳೇ ಇಲ್ಲದ ಫೋನ್ ಯಾರಿಗೆ ಬೇಕು? ಸುಮಾರು 17 ಕೋಟಿ ಡಾಲರ್ ನಷ್ಟ ಬರೆದುಕೊಂಡು, 2015ರಲ್ಲಿ ಮಾರಾಟ ನಿಲ್ಲಿಸಿದರು.

ನಿಮ್ಮ ಅಂಗಡಿಯವರನ್ನೇ ಕೇಳಿ: ಒಮ್ಮೆ ಕೊಂಡವರು ತಾವಾಗಿ ಮತ್ತೆ ಬರುತ್ತಾರಾ? ಬರುತ್ತಿದ್ದರೆ ಬೆಲೆಯೋ ಬಾಟಲಿಯ ಅಳತೆಯೋ ಬದಲಿಸಿ ನೋಡಬಹುದು. ಅವಧಿ ಮುಗಿದ ಬಾಟಲಿಗಳೇ ವಾಪಸ್ ಬರುತ್ತಿದ್ದರೆ ಸುಮ್ನೆ ಎಳೆಯಬೇಡಿ. ಮೂರು ತಿಂಗಳ ಗಡುವು, ತಿಂಗಳಿಗೆ ಇಷ್ಟು ಬಾಟಲಿ ಅಂತ ಈಗಲೇ ಬರೆದು ಮನೆಯವರ ಕೈಗೆ ಕೊಡಿ. ಇಲ್ಲದಿದ್ದರೆ ಆಮೇಲೆ ನೀವೇ ಲೆಕ್ಕ ತಿದ್ದುತ್ತೀರಿ, ಅಲ್ವಾ?